ಕೊಡುಬಳೆಯ ವಿದೇಶ ವ್ಯಾಸಂಗ

ತೆಂಗಿನ ಸೀಮೆಯವರಿಗೊಂದು ಚಟವಿದೆ, ನೀವೂ ಗಮನಿಸಿರಬಹುದು: ಯಾವ ಊರಿಗೇ ಹೋಗಲಿ, ಯಾರ ಮನೆಯಲ್ಲೇ ಇರಲಿ, ತೆಂಗಿನಕಾಯಿ ಕಂಡರೆ ಅದನ್ನೆತ್ತಿ ಕಿವಿಯ ಬಳಿ ಅಲುಗಿಸದೆ ಬಿಡರು. ತಿಪಟೂರಿನ ಕಾಲೇಜೊಂದರಲ್ಲಿ ಉದ್ಯಮಶೀಲತೆಯನ್ನು ಬೋಧಿಸುವ, ಆದರೆ ಜನ್ಮದಲ್ಲಿ ಒಂದು ಪೆನ್ಸಿಲ್ಲನ್ನೂ ಮಾರಿ ಅರಿಯದ ನಾನು, ಎಂಬಿಎ ವಿದ್ಯಾರ್ಥಿಗಳನ್ನು ಒಂದು ವಾರದ ಅಧ್ಯಯನಕ್ಕೆಂದು ವಿಯೆಟ್ನಾಂಗೆ ಕರೆದೊಯ್ದಾಗ, ಮೆಕಾಂಗ್ ನದಿಯ ದಂಡೆಯ ತೋಟದಲ್ಲಿ ಇಳಿದ ಕೂಡಲೇ ಇಡೀ ತಂಡ ಒಂದೊಂದು ಕಾಯಿಗೆ ಕಿವಿಗೊಟ್ಟು ನಿಂತಿತು. ದೂರದಿಂದ ಕಂಡವರಿಗೆ ನಾವೆಲ್ಲ ಊರಿಗೆ ಫೋನು ಮಾಡುತ್ತಿರುವಂತೆ ತೋರಿರಬೇಕು.

ಈ ಪ್ರವಾಸ ಹೊರಡುವ ಮೊದಲೇ ಪ್ರಯಾಸವಾಗಿತ್ತು. ಬಿಳಿಗೆರೆಯ ವಿದ್ಯಾರ್ಥಿನಿ ಪುಷ್ಪಾಳನ್ನು ಕಳುಹಿಸಲು ಅವಳ ತಾಯಿ ಗಂಗಮ್ಮನವರು ಸುತರಾಂ ಒಪ್ಪಿರಲಿಲ್ಲ. ಒಪ್ಪಿಸಲು ನಾನೇ ಹೋದೆ.

"ಯಾಪಾರ ಕಲಿಯಾಕೆ ಇಮಾನ ಅತ್ತಬೇಕಾ ಸಾ? ನಮ್ ಸಂತೇಲಿ ಒಂದಿನ ನಿಂತ್ಕಂಡ್ರೆ ಸಾಲ್ದಾ?" ಎಂದರು.

ಜಾಗತಿಕ ಮಾರುಕಟ್ಟೆಯ ಕುರಿತು ನಾನು ದೀರ್ಘವಾದೊಂದು ಉಪನ್ಯಾಸ ಕೊಟ್ಟೆ. ಅವರು ಅಷ್ಟೇ ದೀರ್ಘವಾಗಿ ಆಕಳಿಸಿದರು. ಕೊನೆಗೆ ಮಗಳ ಮುಖ ನೋಡಿ ಕರಗಿ, "ಓಗ್ಲಿ ಬುಡಿ. ಅಲ್ಲಿ ಊಟ ಸೇರ್ತದೋ ಇಲ್ವೋ" ಎಂದು ದೊಡ್ಡ ಡಬ್ಬಿಯ ತುಂಬ ಕೊಬ್ಬರಿ ಹಾಕಿದ ಕೋಡುಬಳೆ, ನಮ್ಮ ಬಾಯಲ್ಲಿ ಕೊಡುಬಳೆ, ಮಾಡಿ ಕಳುಹಿಸಿದರು.

ವಿಯೆಟ್ನಾಂನಲ್ಲಿ ನಮಗೆ ಆತಿಥ್ಯ ನೀಡಿದಾಕೆ ಹೋವಾ ಎಂಬ ಉದ್ಯಮಿ. ತೆಂಗಿನ ಚಿಪ್ಪನ್ನು ಉಜ್ಜಿ, ಹೊಳಪು ಕೊಟ್ಟು, ಬಟ್ಟಲು ಮಾಡಿ ಪ್ರವಾಸಿಗರಿಗೆ ಮಾರುವುದು ಆಕೆಯ ಕಸುಬು. ಭಾಷಣ ಮಾಡುತ್ತಾರೆಂದು ಪೆನ್ನು ಹಿಡಿದು ಕೂತಿದ್ದ ನಮ್ಮ ಮುಂದೆ ಒಂದು ಬುಟ್ಟಿ ಬಟ್ಟಲು ಇಟ್ಟು, ನಮ್ಮ ಜೊತೆಗಿದ್ದ ದುಭಾಷಿಯ ಮೂಲಕ, "ಬೆಳಗಿನ ಸಂತೆಯಲ್ಲಿ ಇವನ್ನು ಮಾರಿ ಬನ್ನಿ, ಆಮೇಲೆ ಮಾತಾಡೋಣ" ಎಂದರು.

ಸಂತೆಗೆ ಬರುವವರು ಊರವರು. ಮನೆಯಲ್ಲಿ ಚಿಪ್ಪು ಸುಟ್ಟು ಅಡುಗೆ ಮಾಡುವವರು. ಅವರಿಗೆ ಚಿಪ್ಪನ್ನು ಮಾರಹೊರಟ ನಾವು ಕುಂಬಾರರ ಕೇರಿಯಲ್ಲಿ ಮಡಕೆ ಹೊತ್ತು ನಿಂತಂತಾಯಿತು. ತುರುವೇಕೆರೆಯ ಮಧು ಭಾಷೆಯ ಹಂಗಿಲ್ಲದೆ, "ಬನ್ರಕ್ಕಾ, ಬಟ್ಲು ನೋಡ್ರಕ್ಕಾ!" ಎಂದು ಕೂಗಿದ. ಜನ ಬಂದರು, ಅವನ ವಿಡಿಯೊ ಮಾಡಿಕೊಂಡರು, ಹೋದರು. ನಾನೂ ಒಂದು ಬಟ್ಟಲು ಹಿಡಿದು ಮುಗುಳ್ನಕ್ಕೆ. ಭಿಕ್ಷೆಗೆ ನಿಂತವನೆಂದುಕೊಂಡ ಅಜ್ಜಿಯೊಬ್ಬಳು ಅದರೊಳಗೊಂದು ಬಾಳೆಹಣ್ಣು ಇಟ್ಟಳು.

ಹೊಟ್ಟೆ ಹಸಿದಿತ್ತು. ಪುಷ್ಪಾ ಡಬ್ಬಿ ತೆರೆದು, ಬಟ್ಟಲುಗಳಿಗೆ ಕೊಡುಬಳೆ ಹಾಕಿ ನಮಗೆಲ್ಲ ಕೊಟ್ಟಳು. ಪಕ್ಕದಲ್ಲಿ ಮೀನು ಮಾರುತ್ತಿದ್ದ ಹೆಂಗಸಿಗೂ ಒಂದು ನೀಡಿದಳು. ಆಕೆ ಕಡಿದ ಸದ್ದು ನಾಲ್ಕು ಅಂಗಡಿಗೆ ಕೇಳಿಸಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ನಗುವೂ ಬಂತು, ಮತ್ತೊಂದಕ್ಕೆ ಕೈಯೂ ಬಂತು. 'ಕೊಡು' ಎಂಬುದು ಆ ತಿಂಡಿಯ ಹೆಸರಿನಲ್ಲೇ ಇರುವಾಗ ಕೇಳಲು ಭಾಷೆ ಯಾಕೆ ಬೇಕು? ಸುತ್ತ ಕೈಗಳು ಚಾಚಿದವು.

"ಬಟ್ಲು ತಗಂಡ್ರೇನೇ ಕೊಡುಬಳೆ ಅನ್ನಾನಾ ಕಣೇ?" ಎಂದ ಮಧು. ಪುಷ್ಪಾ ಡಬ್ಬಿಯನ್ನು ಎದೆಗವಚಿಕೊಂಡಳು. "ಅಮ್ಮ ನಂಗಂತ ಮಾಡಿದ್ದು ಕಣೋ" ಎಂದಳು. ಆಮೇಲೆ ತಾನೇ ಮುಚ್ಚಳ ತೆಗೆದಳು. ಬಿಸಿಲೇರುವುದರೊಳಗೆ ಬುಟ್ಟಿಯೂ ಬರಿದು, ಡಬ್ಬಿಯೂ ಬರಿದು.

ವಿಜಯೋತ್ಸಾಹದಲ್ಲಿ ಮರಳಿದರೆ ಹೋವಾ ಚಪ್ಪಾಳೆ ತಟ್ಟಲಿಲ್ಲ. "ನೀವು ಹೋದಮೇಲೆ ನನ್ನ ಬಟ್ಟಲಿಗೆ ಏನು ತುಂಬಲಿ?" ಎಂದಷ್ಟೇ ಕೇಳಿದರು. ಪುಷ್ಪಾಳ ಮುಖ ಕೆಂಪಾಯಿತು. "ನಾಳೆ ನಿಮ್ಮ ಅಡುಗೆಮನೆ ಕೊಡಿ" ಎಂದಳು.

ಮರುದಿನ ಅಕ್ಕಿ ಹಿಟ್ಟಿಗೆ ಹಸಿ ಕಾಯಿತುರಿ ಕಲಸಿ ಕರಿದದ್ದು ಎಣ್ಣೆ ಕುಡಿದು ಮೆತ್ತಗಾಯಿತು. ಎರಡನೆಯ ಸಲವೂ ಅದೇ ಗತಿ. ಬೇರೆ ದಾರಿ ಕಾಣದೆ ಅವಳು ಬಿಳಿಗೆರೆಗೆ ವಿಡಿಯೊ ಕರೆ ಮಾಡಿದಳು. ಗಂಗಮ್ಮನವರು ಬಾಣಲೆಯನ್ನು ನೋಡಿ, ಮಗಳನ್ನು ಬಿಟ್ಟು ಹೋವಾ ಅವರನ್ನೇ ಮಾತಾಡಿಸಿದರು.

"ಅಸಿ ಕಾಯಿ ಆಕಿದ್ರೆ ಇನ್ನೇನಾದಾತು ತಾಯಿ! ಕೊಬ್ರಿ ಇಲ್ವಾ? ಓಗ್ಲಿ, ತುರೀನ ಸಣ್ಣ ಉರೀಲಿ ಒಣಗಂಗೆ ಉರ್ಕೊ. ಅವಸ್ರ ಮಾಡ್ಬೇಡ."

ದುಭಾಷಿಗೆ ನಾವು ಇದನ್ನು ಇಂಗ್ಲಿಷಿನಲ್ಲಿ ವಿವರಿಸುವ ಮೊದಲೇ ಹೋವಾ ತಲೆಯಾಡಿಸಿ ಒಲೆಯ ಉರಿ ತಗ್ಗಿಸಿದ್ದರು. ಇಬ್ಬರೂ ಅವರವರ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು, ನಕ್ಕರು, ಒಮ್ಮೆ ಜಗಳವನ್ನೂ ಆಡಿದರೆಂದು ನನ್ನ ಗುಮಾನಿ. ಮೂರನೆಯ ಸಲ ಬಾಣಲೆಯಿಂದ ಬಂದದ್ದನ್ನು ಹೋವಾ ಫೋನಿನ ಹತ್ತಿರ ಹಿಡಿದು ಮುರಿದರು. ಗಂಗಮ್ಮ ಕಿವಿಗೊಟ್ಟು ಕೇಳಿ, "ಆಂ, ಈಗ ಆಯ್ತು!" ಎಂದರು. ಪುಷ್ಪಾ ಸೆರಗಿಲ್ಲದ ಚೂಡಿದಾರದ ತುದಿಯಲ್ಲೇ ಕಣ್ಣೊರೆಸಿಕೊಂಡಳು. ಹೊಗೆ ಎಂದು ಹೇಳಿದಳು, ಗ್ಯಾಸಿನ ಒಲೆಯ ಮುಂದೆ ನಿಂತು.

ಅಧ್ಯಯನದ ಫಲವೇನೆಂದು ಪ್ರಾಂಶುಪಾಲರು ಕೇಳಿದಾಗ ನಾನು ಏನೇನೋ ಬರೆದುಕೊಟ್ಟೆ. ವ್ಯಾಪಾರದ ಮೊದಲ ಪಾಠ ಕೊಡುವುದೋ ಕೊಳ್ಳುವುದೋ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಹೋವಾ ಅವರ ಬಟ್ಟಲುಗಳಂತೂ ಈಗ ಕೊಡುಬಳೆಯ ಸಮೇತ ಬಿಕರಿಯಾಗುತ್ತಿವೆ. ಪುಷ್ಪಾ ಇಲ್ಲಿಂದ ಕೊಬ್ಬರಿ ಕಳುಹಿಸುವ ದಾರಿ ಹುಡುಕುತ್ತಿದ್ದಾಳೆ.

ಮೊನ್ನೆ ಪಾಠ ಮುಗಿಸಿ ಹೊರಬಂದರೆ ಗಂಗಮ್ಮನವರು ಕಾಲೇಜಿನ ಕಂಬಕ್ಕೊರಗಿ ನಿಂತಿದ್ದರು. ಮಗಳ ವಿಷಯವೇನೋ ಎಂದು ನಾನು ಗಾಬರಿಯಾದೆ.

"ಆ ಬಟ್ಲು ಮಾರೋ ಅಮ್ಮನ ಕೊಡುಬಳೆ ಸುತ್ತೋವಾಗ ಬಾಯಿ ಬಿಟ್ಕತ್ತಾವಂತೆ ಸಾ. ಫೋನಲ್ಲಿ ಏಳಿ ಏಳಿ ಸಾಕಾಯ್ತು. ಕೈ ಇಡ್ದು ತೋರುಸ್ಬೇಕು" ಎಂದು ದನಿ ತಗ್ಗಿಸಿ ಕೇಳಿದರು: "ಈ ಪಾಸ್‌ಪೋರ್ಟ್ ಮಾಡ್ಸೋದು ಎಂಗೆ?"