ಒಂಬತ್ತನೇ ಮಹಡಿಯ ಮಾರಿಸ್ ಮಾಸ್ಟ್ರು

ಅವರ ಎರಡೂ ಕಾಲುಗಳಲ್ಲಿ, ಮೊಣಕಾಲಿನ ಕೆಳಗಿನಿಂದ ಕಣಕಾಲಿನವರೆಗೆ, ಅಗಲವಾದ ಒಂದು ಪಟ್ಟಿಯಷ್ಟು ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಐವತ್ತು ವರ್ಷ ಚರ್ಮದ ಪಟ್ಟಿಗೆ ಹೊಲಿದ ಗೆಜ್ಜೆಗಳನ್ನು ಬಿಗಿದೂ ಬಿಗಿದೂ ಅಲ್ಲಿನ ಚರ್ಮ ನುಣುಪಾಗಿ ಹೊಳೆಯುತ್ತಿತ್ತು. ಇದು ನನಗೆ ಗೊತ್ತಾದದ್ದು ತಡವಾಗಿ. ಅಲ್ಲಿಯವರೆಗೆ ಲಿಫ್ಟಿನಲ್ಲಿ ಚಡ್ಡಿ ಹಾಕಿ ನಿಲ್ಲುತ್ತಿದ್ದ ಆ ಎತ್ತರದ ಇಂಗ್ಲಿಷ್ ಮುದುಕರ ಕಾಲು ನೋಡಿ, ಏನೋ ಚರ್ಮದ ಕಾಯಿಲೆ ಇರಬೇಕೆಂದು ಎರಡು ವರ್ಷ ಮೂಲೆಗೆ ಸರಿದು ನಿಂತವಳು ನಾನು.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿದ್ದ ನಮ್ಮ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು. ಮಾಂಟ್ ಕಿಯಾರಾದ ಒಂದು ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತರಾದವರು ಅವರು. ಹೆಂಡತಿ ಇಪೋದ ತಮಿಳು ನರ್ಸು. ತೀರಿಕೊಂಡು ಆರು ವರ್ಷವಾಗಿತ್ತು. ಆಕೆಯಿಂದ ಇವರು ರಸಂ ಮಾಡುವುದನ್ನೂ ಮಾತಿನ ಕೊನೆಗೆ ‘ಮ್ಮಾ’ ಸೇರಿಸುವುದನ್ನೂ ಕಲಿತಿದ್ದರು. ಮಂಗಳೂರಿನ ಅಭ್ಯಾಸದಂತೆ ನಾನು ಅವರನ್ನು ‘ಮಾಸ್ಟ್ರೇ’ ಎಂದೆ. ಅರ್ಥ ಕೇಳಿ ತಿಳಿದುಕೊಂಡು ಅದಕ್ಕೇ ಓಗೊಡತೊಡಗಿದರು. ಅವರು ನನ್ನೊಡನೆ ಆಡುತ್ತಿದ್ದದ್ದು ಇಂಗ್ಲಿಷು. ಆದರೆ ನನ್ನ ನೆನಪಿನಲ್ಲಿ ಆ ಮಾತೆಲ್ಲ ಕನ್ನಡವಾಗಿಯೇ ಉಳಿದಿದೆ.

ಯಾರೂ ಮನೆಯಿಂದ ಹೊರಗೆ ಬರಬಾರದೆಂದು ಸರ್ಕಾರ ಹೇಳಿದ ಮೊದಲ ವರ್ಷ. ವಾರಕ್ಕೊಮ್ಮೆ ಸಿಂಗಾಪುರದಿಂದ ಬಂದುಹೋಗುತ್ತಿದ್ದ ನನ್ನ ಗಂಡ ಗಡಿಯ ಆಚೆಗೇ ಉಳಿದುಬಿಟ್ಟರು. ಜಗತ್ತಿಗೆಲ್ಲ ರಬ್ಬರಿನ ಕೈಗವಸು ಬೇಕಾಗಿತ್ತು. ಆ ಕಂಟೇನರುಗಳು ಹಡಗು ಹತ್ತುವುದಕ್ಕೆ ಕಾಗದಪತ್ರ ಮಾಡುವುದು ನನ್ನ ಕೆಲಸ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಆನ್‌ಲೈನ್ ಪಾಠದ ಹದಿಮೂರರ ಮಗಳು. ಬೆಳಿಗ್ಗೆ ಏಳುವಾಗಲೇ ನನಗೆ ಸಂಜೆಯ ದಣಿವಿರುತ್ತಿತ್ತು.

ಅಂಥದೊಂದು ಭಾನುವಾರ ಸಂಜೆ ಐದರ ಹೊತ್ತಿಗೆ ಹೊರಗೆ ಗೆಜ್ಜೆ ಸದ್ದು ಕೇಳಿತು. ಬಾಗಿಲು ತೆರೆದರೆ, ಬಿಳಿ ಅಂಗಿ, ಬಿಳಿ ಪ್ಯಾಂಟು, ಎದೆಯ ಮೇಲೆ ಅಡ್ಡಲಾಗಿ ಎರಡು ಹಸಿರು ಪಟ್ಟಿ, ಟೋಪಿಗೆ ಸಿಕ್ಕಿಸಿದ ಕಾಗದದ ಹೂವು. ಎರಡೂ ಕೈಯಲ್ಲಿ ದೊಡ್ಡ ಕರ್ಚೀಫು ಬೀಸುತ್ತ ಮಾಸ್ಟ್ರು ಸ್ಟೂಲಿನ ಮೇಲಿಟ್ಟ ಫೋನಿನ ಮುಂದೆ ಕುಣಿಯುತ್ತಿದ್ದರು.

“ಹೆದರಬೇಡ ಮ್ಮಾ. ಇದು ಮಾರಿಸ್. ನಮ್ಮ ಊರಿನ ಗಂಡಸರ ಕುಣಿತ,” ಎಂದರು.

“ನಮ್ಮ ಕಡೆಯೂ ಗಂಡಸರು ಗೆಜ್ಜೆ ಕಟ್ಟುತ್ತಾರೆ,” ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಫೋನಿನೊಳಗಿನ ಮುದುಕರಿಗೆಲ್ಲ ಅದನ್ನು ಹೇಳಿದರು.

ವಸಂತ ಬಂತೆಂದರೆ ಅವರ ಹಳ್ಳಿಯಲ್ಲಿ ಆರು ಜನ ಎದುರುಬದುರು ಸಾಲಾಗಿ ನಿಂತು, ಪಬ್ಬಿನ ಮುಂದಿನ ಹುಲ್ಲಿನ ಮೇಲೆ ಹೀಗೆ ಕುಣಿಯುತ್ತಾರಂತೆ. ಪಕ್ಕದೂರಿನವರು ಕರ್ಚೀಫನ್ನು ಮೇಲಕ್ಕೆ ಚಿಮ್ಮುತ್ತಾರೆ, ಇವರ ಊರಿನವರು ಪಕ್ಕಕ್ಕೆ. ಇಷ್ಟಕ್ಕೇ ಎರಡೂರಿನವರು ಮಾತು ಬಿಟ್ಟ ಕಾಲವೂ ಇತ್ತಂತೆ. ಪ್ರತಿವರ್ಷ ಮೇ ತಿಂಗಳಿಗೆ ವಿಮಾನ ಹತ್ತಿ ಹೋಗಿ ಕುಣಿದು ಬರುತ್ತಿದ್ದ ಮಾಸ್ಟ್ರಿಗೆ ಈಗ ಉಳಿದದ್ದು ಭಾನುವಾರದ ಈ ವೀಡಿಯೊ ಕಾಲು ಮಾತ್ರ. ಅಲ್ಲಿ ಅವರ ಬಾಲ್ಯದ ಗೆಳೆಯ ಎದೆಗೊತ್ತಿಕೊಂಡು ಅಕಾರ್ಡಿಯನ್ ನುಡಿಸುವುದು, ಉಳಿದವರು ತಂತಮ್ಮ ಮನೆಯಲ್ಲಿ ಕುಣಿಯುವುದು.

“ಸಂಗೀತ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ತಲುಪುತ್ತದೆ. ನಾವು ಆರು ಜನ ಒಟ್ಟಿಗೆ ನೆಲ ಮುಟ್ಟದೆ ಒಂದು ವರ್ಷವಾಯಿತು,” ಎಂದರು ಒಮ್ಮೆ.

ಕೆಳಗಿನ ಮನೆಯವರು ದೂರು ಕೊಟ್ಟ ಮೇಲೆ ಮಾಸ್ಟ್ರು ಕಾರು ನಿಲ್ಲಿಸುವ ಕಟ್ಟಡದ ಬಯಲು ಮಹಡಿಗೆ ಹೋದರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತಿತ್ತು. ಆಗಾಗ ನಿಂತು ನೋಡುತ್ತಿದ್ದೆ. ಎಪ್ಪತ್ತೆರಡು ವರ್ಷದ ಮೊಣಕಾಲು. ನೆಲದಿಂದ ಒಂದು ಗೇಣೂ ಏಳುತ್ತಿರಲಿಲ್ಲ. ಅದಕ್ಕೂ ಅವರಲ್ಲಿ ಉತ್ತರವಿತ್ತು. “ಹಾರೋದು ಯಾರಿಗಾದರೂ ಬರುತ್ತದೆ. ಇಳಿಯೋದನ್ನು ಕಲಿಯೋದಕ್ಕೆ ನನಗೆ ಇಪ್ಪತ್ತು ವರ್ಷ ಹಿಡಿಯಿತು, ಮ್ಮಾ.”

ಎರಡನೇ ವರ್ಷದ ಶುರುವಿನಲ್ಲಿ ಒಂದು ಬೆಳಿಗ್ಗೆ ಬಾಗಿಲು ತಟ್ಟಿದರು. ಮಾಸ್ಕಿನ ಮೇಲಿನ ಕಣ್ಣು ಕೆಂಪಾಗಿತ್ತು.

“ನಮ್ಮ ಅಕಾರ್ಡಿಯನ್ನಿನವನು ಹೋದ. ಅದೇ ಕಾಯಿಲೆ,” ಎಂದರು. ತಂಡದಲ್ಲಿ ಯಾರಾದರೂ ತೀರಿಕೊಂಡರೆ ಅವರಿಗಿಷ್ಟವಾದ ಕುಣಿತವನ್ನು ಕುಣಿಯುತ್ತಾರಂತೆ, ಒಂದು ಜಾಗ ಖಾಲಿ ಬಿಟ್ಟು. “ಅಲ್ಲಿ ಈಗ ಐದು ಜನ ಸೇರೋ ಹಾಗಿಲ್ಲ. ಇಲ್ಲಿ ನೀನು, ಮಗಳು, ಇನ್ನು ಒಬ್ಬಿಬ್ಬರು ಬಂದರೆ ಸಾಕು. ಹೆಜ್ಜೆ ನಾನು ಹೇಳಿಕೊಡುತ್ತೇನೆ.”

“ಮಾಸ್ಟ್ರೇ, ನನ್ನಿಂದಾಗುವುದಿಲ್ಲ,” ಎಂದೆ. “ನಿಂತಲ್ಲೇ ಬೀಳುವಷ್ಟು ಸುಸ್ತು. ಭಾನುವಾರವೂ ಕೆಲಸ ಇದೆ.”

“ಓಕೆ ಲಾ. ಪರವಾಗಿಲ್ಲ,” ಎಂದು ಹೋದರು.

ಆ ಭಾನುವಾರ ಕಿಟಕಿಯಿಂದ ನೋಡಿದೆ. ಒಬ್ಬರೇ ಕುಣಿಯುತ್ತಿದ್ದರು. ಬರೀ ಕುಣಿಯುವುದಲ್ಲ, ಇಲ್ಲದವರಿಗೆ ದಾರಿ ಬಿಡುತ್ತಿದ್ದರು, ಇಲ್ಲದವರ ಸುತ್ತ ಬಳಸಿ ಬರುತ್ತಿದ್ದರು, ಎದುರಿಗೆ ಯಾರೂ ಇಲ್ಲದ ಕಡೆ ತಲೆಬಾಗುತ್ತಿದ್ದರು. ನಾನು ಅಲ್ಲಿಂದ ಬಂದು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಆ ಕೂತದ್ದನ್ನು ನನಗೆ ಇವತ್ತಿಗೂ ಮರೆಯಲಾಗಿಲ್ಲ.

ಕೆಲವು ತಿಂಗಳಾದ ಮೇಲೆ ಮಂಗಳೂರಿನಲ್ಲಿ ನನ್ನ ಅಪ್ಪ ಹೋದರು. ಮೂರು ದಿನದ ಜ್ವರ, ಆಮೇಲೆ ಆಕ್ಸಿಜನ್, ಆಮೇಲೆ ತಮ್ಮನ ಫೋನು. ಹೋಗಲು ವಿಮಾನವಿರಲಿಲ್ಲ. ಚರ್ಚಿನಲ್ಲಿ ನಡೆದ ಅಂತ್ಯಕ್ರಿಯೆಯ ಪೂಜೆಯನ್ನು ತಮ್ಮನೇ ಫೋನಿನಲ್ಲಿ ತೋರಿಸಿದ. ಒಳಗೆ ಕೂರಲಾಗದೆ ಬಾಗಿಲು ತೆರೆದಿಟ್ಟು, ಮಗಳೂ ನಾನೂ ಹೊಸ್ತಿಲ ಹತ್ತಿರ ಕೂತು ನೋಡುತ್ತಿದ್ದೆವು. ಮಾಸ್ಟ್ರು ತಮ್ಮ ಬಾಗಿಲು ತೆರೆದರು, ನೋಡಿದರು, ಒಳಗೆ ಹೋದರು. ಬಿಳಿ ಅಂಗಿ ಹಾಕಿಕೊಂಡು ಬಂದು ತಮ್ಮ ಹೊಸ್ತಿಲಲ್ಲಿ ಸ್ಟೂಲಿಟ್ಟು ಕೂತರು. ಪೂಜೆ ಕೊಂಕಣಿಯಲ್ಲಿ, ಅವರಿಗೆ ಒಂದಕ್ಷರವೂ ತಿಳಿಯದು. ನಾವು ಎದ್ದಾಗ ಎದ್ದರು, ಕೂತಾಗ ಕೂತರು. ಒಂದೂವರೆ ಗಂಟೆ. ಮುಗಿದ ಮೇಲೆ ನಮ್ಮ ಬಾಗಿಲ ಬಳಿ ಒಂದು ಪಾತ್ರೆ ರಸಂ ಇಟ್ಟು, ತಮ್ಮ ಬಾಗಿಲು ಹಾಕಿಕೊಂಡರು.

ನಾನು ಇಲ್ಲವೆಂದದ್ದನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಆ ವಾರವೇ ಹೋಗಿ ಅವರ ಬಾಗಿಲು ತಟ್ಟಿದೆ.

“ಆ ಕುಣಿತ ಕಲಿಸಿ ಮಾಸ್ಟ್ರೇ.”

“ಸುಸ್ತಾಗಿದ್ದೀಯಲ್ಲ?”

“ಸುಸ್ತಿದೆ. ಇರಲಿ.”

ನಾನು, ಮಗಳು, ಮಾಸ್ಟ್ರು. ನಾಲ್ಕನೆಯವರು ನಮ್ಮ ಕಟ್ಟಡದ ನೇಪಾಳಿ ಕಾವಲುಗಾರ. ಮೂರು ವರ್ಷದಿಂದ ಊರಿಗೆ ಹೋಗದ, ನಲವತ್ತು ದಾಟಿದ ಮನುಷ್ಯ. “ರಿಜಿಸ್ಟರಿನಲ್ಲಿ ವ್ಯಾಯಾಮ ಅಂತ ಬರೀತೇನೆ ಮೇಡಂ,” ಎಂದು ಬೂಟು ಬಿಚ್ಚಿ ಬಂದರು. ಮೂರು ವಾರ ಕಲಿತೆವು. ಒಬ್ಬರಿಂದೊಬ್ಬರು ಆರಡಿ ದೂರ. ಕರ್ಚೀಫಿನ ಕುಣಿತಕ್ಕೆ ಹೇಗೂ ಅಷ್ಟು ಜಾಗ ಬೇಕು. ನನ್ನ ಹೆಜ್ಜೆ ಎಂದೂ ಸರಿಯಾಗಲಿಲ್ಲ. ಮಗಳದು ಎರಡೇ ದಿನದಲ್ಲಿ ಸರಿಯಾಯಿತು.

ಆರು ಜನರ ಕುಣಿತದಲ್ಲಿ ನಾವು ನಾಲ್ವರು. ಖಾಲಿ ಬಿಟ್ಟ ಎರಡು ಜಾಗಗಳಲ್ಲಿ ಒಂದು ಅವರ ಗೆಳೆಯನದು, ಇನ್ನೊಂದು ನನ್ನ ಅಪ್ಪನದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನನ್ನ ಎದುರಿನ ಜಾಗವನ್ನು ಮಾಸ್ಟ್ರು ಖಾಲಿ ಬಿಟ್ಟರು ಅಷ್ಟೆ. ಫೋನಿನಲ್ಲಿ ಗೆಳೆಯನ ಹಳೆಯ ರೆಕಾರ್ಡಿಂಗ್ ಹಾಕಿದರು. ಎರಡು ಸಾಲೂ ಮುಂದೆ ಬಂದು ಜಾಗ ಬದಲಿಸುವ ಕಡೆ, ಎದುರಿನಿಂದ ಬರಬೇಕಾದವರು ಬರಲಿಲ್ಲ. ನಾನು ಬಿಸಿಲಿಗೆ ಕಾದ ಆ ಸಿಮೆಂಟಿನ ಮೇಲೆ ನಿಂತುಬಿಟ್ಟೆ.

“ನಿಲ್ಲಬೇಡ ಮ್ಮಾ,” ಎಂದರು ಮಾಸ್ಟ್ರು, ತಾವು ಕುಣಿತ ನಿಲ್ಲಿಸದೆ. “ಅಳೋದಾದರೆ ಅತ್ತುಕೊಂಡೇ ಬಾ.”

ಹಾಗೇ ದಾಟಿದೆ. ಅಪ್ಪ ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಆ ವರ್ಷದ ನಡುವೆ ಕಾಯಿಲೆ ಪೆಟಾಲಿಂಗ್ ಜಯಾದಲ್ಲೇ ಜೋರಾಯಿತು. ಮಾಸ್ಟ್ರಿಗೆ ಕೆಮ್ಮು ಶುರುವಾಗಿ ಐದನೆಯ ದಿನ ಆಂಬುಲೆನ್ಸ್ ಬಂತು. ಆಸ್ಪತ್ರೆಯ ಕಾಗದದಲ್ಲಿ ಹತ್ತಿರದವರು ಎಂದು ಕೇಳಿದ ಕಡೆ ನನ್ನ ನಂಬರು ಬರೆಸಿದ್ದರು. ಹಗಲೆಲ್ಲ ಕೈಗವಸಿನ ಕಾಗದಪತ್ರ, ನಡುನಡುವೆ ಆಸ್ಪತ್ರೆಗೆ ಫೋನು. ಒಂದು ವಾರ ನಾನು ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ಅವರೇ ಮಾತಾಡಿದರು. ಸ್ಪೀಕರಿನಲ್ಲಿ ಮಗಳೂ ಕೇಳುತ್ತಿದ್ದಳು.

“ಮಕಾನ್ ಆಯಿತಾ?” ಎಂದರು. ಊಟ ಆಯಿತಾ ಎಂದು.

“ಆಯಿತು ಮಾಸ್ಟ್ರೇ. ನಿಮಗೆ ಏನು ಬೇಕು? ಏನು ಮಾಡಲಿ?”

ಉಸಿರೆಳೆದುಕೊಳ್ಳಲು ಬಹಳ ಹೊತ್ತು ಬೇಕಾಯಿತು. “ಏನೂ ಮಾಡಬೇಡ. ನಿನ್ನ ದನಿ ಕೇಳಿದರೆ ಗೊತ್ತಾಗುತ್ತದೆ. ಹೋಗಿ ಮಲಗು, ಮ್ಮಾ.”

ಮಲಗಿದೆ. ಆಫೀಸಿಗೆ ಆಗುವುದಿಲ್ಲವೆಂದು ಒಂದು ಸಾಲು ಬರೆದು, ಲ್ಯಾಪ್‌ಟಾಪು ಮುಚ್ಚಿ ಮಲಗಿದೆ. ಎಚ್ಚರವಾದಾಗ ಮಗಳು ನನ್ನ ಫೋನು ಹಿಡಿದು ಹಾಸಿಗೆಯ ತುದಿಯಲ್ಲಿ ಕೂತಿದ್ದಳು.

“ಹಾಸ್ಪಿಟಲ್‌ನಿಂದ ಕಾಲ್ ಬಂದಿತ್ತು, ಮಮ್ಮಿ. ಫೋರ್ ಓ’ಕ್ಲಾಕ್‌ಗೆ.” ಅವಳ ಮುಖ ನೋಡಿಯೇ ತಿಳಿಯಿತು.

“ಎಬ್ಬಿಸಬಾರದಿತ್ತಾ?”

“ಮಲಗು ಅಂತ ಅಂಕಲ್ ಹೇಳಿದ್ರಲ್ಲ.”

ನಾನು ಬೈಯಲಿಲ್ಲ. ಅವರು ಹೋದ ಹೊತ್ತಿನಲ್ಲಿ ನಾನು ನಿದ್ದೆಯಲ್ಲಿದ್ದೆ. ನೆನೆದರೆ ಸಂಕಟವಾಗಬೇಕು, ಆಗುವುದಿಲ್ಲ. ಆ ಎರಡು ವರ್ಷಗಳಲ್ಲಿ ಎಲ್ಲರೂ ನನ್ನಿಂದ ಏನಾದರೊಂದು ಕೇಳುತ್ತಲೇ ಇದ್ದರು. ಮಲಗು ಎಂದವರು ಅವರೊಬ್ಬರೇ.