ದುಂಬಿಯ ಬಾಗಿಲಿಗೆ ಸಗಣಿ ಮೆತ್ತಿದೆ

ನೇಸರಗಿಯ ನಮ್ಮ ಹಿತ್ತಲ ಚಪ್ಪರಕ್ಕೆ ಹಳೆಯ ತೊಲೆಯೊಂದನ್ನು ಹಾಕಿದ್ದೇವೆ. ಅದರಲ್ಲಿ ಕರಿ ದುಂಬಿಗಳು ತೂತು ಕೊರೆದು ಸಂಸಾರ ಹೂಡಿದ್ದವು. ಮಧ್ಯಾಹ್ನ ಕೆಳಗೆ ಹೊರಸು ಹಾಕಿ ಮಲಗಿದರೆ ಕಟ್ಟಿಗೆಯ ಪುಡಿ ನೇರ ನನ್ನ ಬಾಯಿಗೆ. ಒಂದು ದಿನ ಸಿಟ್ಟು ಬಂದು, ಸಗಣಿ ಮಣ್ಣು ಕಲಸಿ ಎಲ್ಲ ತೂತು ಮೆತ್ತಿಬಿಟ್ಟೆ. ಅದು ಸಣ್ಣ ತಪ್ಪು. ದೊಡ್ಡದು ಆಮೇಲಿನದು.

ಹೆಂಡತಿಯ ಕುಂಬಳ ಬಳ್ಳಿಯಲ್ಲಿ ಹೀಚುಗಳು ಹಳದಿಯಾಗಿ ಉದುರತೊಡಗಿದವು. ಅದಕ್ಕೆ ಸ್ವಲ್ಪ ಮುಂಚೆ ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ, "ಏನ ಬಳ್ಳಿರಿ ವೈನಿ ಇದು!" ಎಂದಿದ್ದಳು. ಅವಳ ದೃಷ್ಟಿಯೇ ತಾಗಿತೆಂದು ನನ್ನವಳು ತೀರ್ಮಾನಿಸಿದಳು. ನನ್ನದೇ ಹಳೇ ಚಪ್ಪಲಿಯನ್ನು ಬಳ್ಳಿಗೆ ಕಟ್ಟಿದಳು. ದಿನಾ ಮೊಸರು, ಚಟ್ನಿಹಿಂಡಿ ಕೊಟ್ಟು ತಗೊಳ್ಳುತ್ತಿದ್ದವರು ಮಾತು ಬಿಟ್ಟರು. ಹೂವಿನ ಹತ್ತಿರ ಒಂದು ದುಂಬಿಯೂ ಸುಳಿಯದಿರುವುದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಬದಲಿಗೆ ಬೆಳಿಗ್ಗೆ ಕದ್ದು ಹೋಗಿ, ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಉಜ್ಜಲು ಶುರುಮಾಡಿದೆ. ಮೂರನೇ ದಿನವೇ ಗೋಡೆಯ ಮೇಲೆ ಪಕ್ಕದಾಕೆಯ ಮುಖ.

"ಅಣ್ಣಾರ, ಈ ವಯಸ್ಸಿನ್ಯಾಗ ಹೂವಿನ ಲಗ್ನಾ ಮಾಡಾಕ ಹತ್ತೀರೇನ್ರಿ?"

ಕೈಯಲ್ಲಿದ್ದ ಹೂ ಕೆಳಗಿಟ್ಟೆ. "ತಂಗಿ, ದುಂಬಿ ಮನಿ ನಾನೇ ಮುಚ್ಚೇನಿ. ಆಕಿ ನಿನ್ನ ಕಣ್ಣ ತಾಗೇತಿ ಅಂತ ತಿಳಕೊಂಡಾಳ. ನಾ ಸುಮ್ಮನಿದ್ನಿ."

ಅವಳು ಗೋಡೆಯ ಮೇಲೆ ಮೊಣಕೈ ಊರಿದಳು. "ಅದಕ್ಕೇನ್ರಿ ವೈನಿ ಮಾತ ಬಿಟ್ಟಿದ್ದು? ನಾ ಕೊಟ್ಟ ಮೊಸರ ಹುಳಿ ಆಗಿತ್ತೇನೋ ಅಂದ್ಕೊಂಡಿದ್ನಿ."

ನನ್ನ ಹಿಂದೆ ಕಸಬರಿಗೆ ಹಿಡಿದು ನನ್ನವಳು ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು. "ಮೊದಲ ಆ ತೂತ ತೆಗೀರಿ," ಎಂದಳಷ್ಟೇ.

ಮೆತ್ತಿದ್ದನ್ನು ಮೊಳೆಯಿಂದ ಕೆದರಿದೆ. ಒಂದು ತೂತಿನಲ್ಲಿ ದುಂಬಿ ಒಣಗಿ ಸತ್ತಿತ್ತು. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತೆ.

ದುಂಬಿಗಳ ಹೊಸ ಮನೆಗೆಂದು ಪಕ್ಕದಾಕೆಯೇ ಮುರಿದ ಬಿದಿರಿನ ನಿಚ್ಚಣಿಕೆ ಕೊಟ್ಟಳು. ಒಂದು ತುದಿಗೆ ಗೆಣ್ಣು ಉಳಿಯುವಂತೆ ಗೇಣುದ್ದ ತುಂಡು ಕೊಯ್ದು, ಕಟ್ಟು ಕಟ್ಟಿ, ಮಳೆ ತಾಗದಂತೆ ಚಪ್ಪರದ ಅಂಚಿಗೆ ಮೂಡಲಕ್ಕೆ ಬಾಯಿ ಮಾಡಿ ತೂಗುಹಾಕಿದೆ. ಕೆಲವು ದಿನಗಳಾದ ಮೇಲೆ ಒಂದು ದುಂಬಿ ಬಂತು. ಬಾಡಿಗೆ ಮನೆ ನೋಡಲು ಬಂದವರ ಹಾಗೆ ಪ್ರತಿ ಕೊಳವೆಗೂ ತಲೆ ಹಾಕಿ, ಒಂದರಲ್ಲಿ ಹೊಕ್ಕು ಕೂತಿತು.

ಹೆಂಡತಿ ಗೋಡೆಯ ಹತ್ತಿರ ಹೋಗಿ ನಿಂತಳು. ಸೆರಗು ತಿರುವುತ್ತಿದ್ದಳು. ಆಚೆಯಿಂದಲೇ ದನಿ ಬಂತು: "ಬರ್ರಿ ವೈನಿ, ಅಣ್ಣಾರು ಎಷ್ಟ ಸೊಟ್ಟ ಕಟ್ಯಾರ, ಈ ಕಡಿಂದ ನೋಡ್ರಿ!"

ನನ್ನವಳು ಬೀದಿ ಸುತ್ತಿಕೊಂಡು ಅವಳ ಮನೆಗೆ ಹೋದಳು. ಆಮೇಲೆ ಬಹಳ ಹೊತ್ತು ಇಬ್ಬರೂ ನನ್ನನ್ನು ಆಡಿಕೊಂಡು ನಗುವುದು ಕೇಳಿಸುತ್ತಿತ್ತು. ನಾನು ಈಚೆ ನಿಂತು ಒಂದನ್ನೂ ಬಿಡದೆ ಕೇಳಿಸಿಕೊಂಡೆ.