ಒಂದು ದನ, ಮೂವತ್ತು ಲೀಟರ್ ಹಾಲು

ಹಾಲು ಕೊಡುವ ಗೋವಿಗೂ, ಹುಲ್ಲು ಕೊಡುವ ಭೂಮಿಗೂ, ಅಕ್ಷರ ಕಲಿಸಿದ ಗುರುಗಳಿಗೂ ಮೊದಲು ಕೈಮುಗಿಯುತ್ತೇನೆ. ಅವರ ಅನುಗ್ರಹವಿಲ್ಲದಿದ್ದರೆ ನನ್ನ ಕೈಯಿಂದಲೇ ನಡೆದ ಅನ್ಯಾಯವೊಂದು ಹಾಗೆಯೇ ಉಳಿದುಬಿಡುತ್ತಿತ್ತು.

ಕಳೆದ ವರ್ಷದ ಆಟಿ ತಿಂಗಳಿನ, ಜಡಿಮಳೆಯ ದಿನಗಳ ಮಾತು. ಮೂಡುಬಿದಿರೆಯ ಶಾಲೆಯೊಂದರಲ್ಲಿ ಸಂಸ್ಕೃತ ಅಧ್ಯಾಪಕನಾಗಿದ್ದು ನಿವೃತ್ತನಾದ ನಾನು, ವಾಮದಪದವಿನ ಸಮೀಪದ ಸಣ್ಣ ಹಾಲು ಉತ್ಪಾದಕರ ಸಂಘವೊಂದಕ್ಕೆ ಅಧ್ಯಕ್ಷನಾಗಿದ್ದೇನೆ. ಆ ಮಳೆಗಾಲದ ಆರಂಭದಲ್ಲಿ ಮೇಲಿನ ಕಚೇರಿಯವರು ಸಂಘದ ಕಂಪ್ಯೂಟರಿಗೆ ಹೊಸ ವ್ಯವಸ್ಥೆಯೊಂದನ್ನು ಅಳವಡಿಸಿದ್ದರು. ಹಾಲು ಅಳೆಯುವಾಗ ಸದಸ್ಯರು ತಮ್ಮ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ಯಾರು ಎಷ್ಟು ಹಾಕಿದರು, ಯಾರು ಹಾಕಲಿಲ್ಲ ಎಂಬುದನ್ನೆಲ್ಲ ಅದು ಪರಿಶೀಲಿಸಿ, ಆಡಳಿತ ಮಂಡಳಿ ಯಾವ ನಿರ್ಧಾರ ಕೈಗೊಳ್ಳಬೇಕೆಂದು ಸಲಹೆ ಕೊಡುತ್ತದೆ. ಹಸಿರು ಬಂದರೆ ಕ್ಷೇಮ, ಹಳದಿ ಬಂದರೆ ಎಚ್ಚರಿಕೆ, ಕೆಂಪು ಬಂದರೆ ಕ್ರಮ.

ತಿಂಗಳ ಸಭೆಯಲ್ಲಿ ಕಾರ್ಯದರ್ಶಿ ಪ್ರಮೀಳಾ ಪರದೆಯನ್ನು ನಮ್ಮತ್ತ ತಿರುಗಿಸಿದಳು. ನನ್ನ ಹಳೆಯ ವಿದ್ಯಾರ್ಥಿನಿಯಾದ ಅವಳು ಕೆಲಸಕ್ಕೆ ಸೇರಿ ಎರಡು ತಿಂಗಳಷ್ಟೇ ಆಗಿತ್ತು. ಗುಡ್ಡದಾಚೆಯ ತಗ್ಗಿನಲ್ಲಿ ಗದ್ದೆಗಳ ಸುತ್ತ ಮನೆಗಳಿರುವ ಒಂದೇ ಬೈಲಿನ ಹನ್ನೆರಡು ಹೆಸರುಗಳು ಕೆಂಪಾಗಿದ್ದವು. ಹನ್ನೊಂದು ಮಂದಿ ಕಾರ್ಡು ಬಂದಂದಿನಿಂದ ಒಂದು ತೊಟ್ಟು ಹಾಲನ್ನೂ ಹಾಕಿಲ್ಲ, ಅವರ ಸದಸ್ಯತ್ವವನ್ನು ರದ್ದುಮಾಡಿ ಎಂದಿತ್ತು ಸಲಹೆ. ಹನ್ನೆರಡನೆಯ ಹೆಸರು ಗಿರಿಜೆಯದು. ಒಂದೇ ದನವಿರುವ ಆಕೆ ದಿನಕ್ಕೆ ಮೂವತ್ತು ಲೀಟರ್ ಹಾಕುತ್ತಿದ್ದಾಳೆ, ಕಲಬೆರಕೆಯ ಶಂಕೆಯಿದೆ, ಅವಳ ಹಾಲನ್ನು ಸ್ವೀಕರಿಸಬೇಡಿ.

"ಒಂದು ದನ, ಮೂವತ್ತು ಲೀಟರ್! ಅವಳ ದನದ ಹಟ್ಟಿಯಲ್ಲಿ ಕಾಮಧೇನು ಉಂಟಾ ಮಾರಾಯ್ರೆ?" ಎಂದು ನಿರ್ದೇಶಕರಾದ ಕೇಶವಣ್ಣ ನಕ್ಕರು. "ರಿಕ್ಷಾದಲ್ಲಿ ಕ್ಯಾನ್ ಬರ್ತದೆ, ಕಾರ್ಡೂ ಬರ್ತದೆ, ಅವಳು ಮಾತ್ರ ಬರುವುದಿಲ್ಲ. ಎಲ್ಲಿಂದ ತರಿಸ್ತಾಳೋ ಏನೋ!"

"ಕಂಪ್ಯೂಟರ್ ಸುಮ್ಮನೆ ಹೇಳ್ತದಾ ಮಾಸ್ಟ್ರೇ?" ಎಂದಳು ಪ್ರಮೀಳಾ. "ನಾಳೆ ಸಂಜೆಯೊಳಗೆ ಮೇಲೆ ಉತ್ತರ ಹೋಗ್ಬೇಕು."

ಗಿರಿಜೆಯನ್ನು ನಾನು ಇಪ್ಪತ್ತು ವರ್ಷಗಳಿಂದ ಬಲ್ಲೆ. ನಮ್ಮ ದನ ಬತ್ತಿದಾಗಲೆಲ್ಲ ದೇವರ ಅಭಿಷೇಕಕ್ಕೆ ಹಾಲು ತಂದುಕೊಟ್ಟವಳು ಆಕೆ. ಆದರೆ ಪರದೆಯ ಮೇಲಿನ ಅಂಕಿಗಳನ್ನು ಸುಳ್ಳೆನ್ನುವುದು ಹೇಗೆ? ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತರ್ಕಪಾಠವನ್ನು ಬಾಲ್ಯದಲ್ಲೇ ಓದಿದವನು ನಾನು. ಹೊಗೆ ಕಣ್ಣೆದುರಿಗೇ ಇತ್ತು. ಗಿರಿಜೆಯ ಹೆಸರಿನ ನೋಟಿಸಿಗೆ ಸಹಿ ಹಾಕಿ, ಸಂಜೆಯ ಹಾಲಿನ ರಿಕ್ಷಾದಲ್ಲೇ ಕಳುಹಿಸಿದೆ. ಉಳಿದ ಹನ್ನೊಂದು ಹೆಸರುಗಳ ವಿಚಾರವನ್ನು ಮರುದಿನಕ್ಕೆ ಇಟ್ಟುಕೊಂಡೆವು.

ಮರುದಿನ ಬೆಳಿಗ್ಗೆ ಹಾಲಿನ ರಿಕ್ಷಾದಿಂದ ಕ್ಯಾನಿನ ಜೊತೆಗೆ ಗಿರಿಜೆಯೇ ಇಳಿದಳು. ನೋಟಿಸನ್ನು ನನ್ನ ಮೇಜಿನ ಮೇಲಿಟ್ಟಳು. ಅವಳು ತುಳುವಿನಲ್ಲಿ ಆಡಿದುದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಮಾಸ್ಟ್ರೇ, ನಾನು ಹಾಲಿಗೆ ನೀರು ಹಾಕುವವಳಾ? ಇದಕ್ಕೆ ನೀವೇ ಸಹಿ ಹಾಕಿದ್ದಾ?"

"ಒಂದು ದನದಿಂದ ಮೂವತ್ತು ಲೀಟರ್ ಹೇಗೆ ಬರ್ತದೆ ಗಿರಿಜಾ?"

"ನನ್ನದು ಅಂತ ಯಾರು ಹೇಳಿದ್ದು? ಇಡೀ ಬೈಲಿನ ಹಾಲು ಅದು! ಮೊದಲ ಮಳೆಗೇ ರಸ್ತೆ ಕುಸಿದ ಮೇಲೆ ರಿಕ್ಷಾ ನಮ್ಮ ಮನೆಯವರೆಗೆ ಮಾತ್ರ ಬರುವುದು. ಎಲ್ಲರೂ ನಮ್ಮ ಜಗಲಿಗೆ ತಂದು ಹಾಕ್ತಾರೆ. ಯಾರದ್ದು ಎಷ್ಟು ಕುಡ್ತೆ ಅಂತ ಅಳೆದೇ ಹಾಕುವುದು, ದುಡ್ಡನ್ನೂ ಹಾಗೆಯೇ ಹಂಚಿಕೊಳ್ಳುವುದು."

"ಮತ್ತೆ ಅವರ ಕಾರ್ಡು?" ಪ್ರಮೀಳಾ ಕೇಳಿದಳು.

"ದೇವರ ಕೋಣೆಯಲ್ಲಿ ಉಂಟು. ಕೊಡುವಾಗ ಮಾಸ್ಟ್ರೇ ಹೇಳಿದ್ದಲ್ವಾ, ಪ್ರಸಾದದ ಹಾಗೆ ಕಾಪಾಡಿ, ಒದ್ದೆ ಮಾಡ್ಬೇಡಿ, ಕಳೆದ್ರೆ ಇನ್ನೊಂದು ಸಿಗುವುದಿಲ್ಲ ಅಂತ? ಈ ಮಳೆಯಲ್ಲಿ ತರುವುದು ಹೇಗೆ? ಒಂದು ಸಾಕಲ್ವಾ ಅಂತ ನನ್ನದನ್ನೇ ಕಳಿಸಿದ್ದು."

ನಾನು ಹಾಗೆ ಹೇಳಿದ್ದು ನಿಜ. ಆದರೂ ಮನಸ್ಸು ಒಮ್ಮೆ ಗಿರಿಜೆಯ ಕಡೆಗೆ, ಒಮ್ಮೆ ಪರದೆಯ ಕಡೆಗೆ ತೂಗುತ್ತಲೇ ಇತ್ತು. ಪ್ರಮೀಳೆಯನ್ನು ಕರೆದುಕೊಂಡು ಅದೇ ರಿಕ್ಷಾದಲ್ಲಿ ಹೊರಟೆ. ಗಿರಿಜೆಯ ಮನೆಯಿಂದ ಕೆಸರಿನಲ್ಲಿ ನಡೆದು ಮೊದಲು ಸಿಕ್ಕ ಮನೆಯನ್ನು ಹೊಕ್ಕು, ಕಾರ್ಡು ತೋರಿಸುವಂತೆ ಕೇಳಿದೆ. ಆ ಮನೆಯ ಹೆಂಗಸು ಹಿಂಜರಿದಳು. "ನನ್ನದು ಇನ್ನೂ ಸ್ನಾನ ಆಗ್ಲಿಲ್ಲ ಮಾಸ್ಟ್ರೇ. ನೀವೇ ತೆಗೀರಿ."

ದೇವರ ಪಟದ ಮುಂದೆ, ಪ್ಲಾಸ್ಟಿಕ್ ಚೀಲದೊಳಗೆ ಆ ಕಾರ್ಡು ಇತ್ತು. ಚೀಲಕ್ಕೆ ಕುಂಕುಮ ಹಚ್ಚಿತ್ತು, ಮೇಲೊಂದು ದಾಸವಾಳ. ಅಂಥ ಮೂರು ಮನೆಗಳನ್ನು ನೋಡಿದೆ. ನಾಲ್ಕನೆಯದಕ್ಕೆ ಹೋಗುವ ಧೈರ್ಯ ಬರಲಿಲ್ಲ.

ಸಂಜೆ ಪರದೆಯ ಮುಂದೆ ಕುಳಿತು, ಸಲಹೆಯನ್ನು ತಿರಸ್ಕರಿಸಲು ಪ್ರಮೀಳೆಗೆ ಹೇಳಿದೆ. ಕಾರಣ ನಮೂದಿಸದೆ ಯಂತ್ರ ಮುಂದಕ್ಕೆ ಹೋಗದು.

"ಕಾರಣ ಎಂತ ಹಾಕ್ಲಿ ಮಾಸ್ಟ್ರೇ? ಜಾನುವಾರು ರೋಗ, ಮಾರಾಟ, ಸದಸ್ಯರ ಮರಣ, ಇತರೆ. ಇಷ್ಟೇ ಉಂಟು."

"ಅಧ್ಯಕ್ಷರ ತಪ್ಪು ಅಂತ ಇಲ್ವಾ?"

"ಅದಿಲ್ಲ."

"ಹಾಗಾದ್ರೆ ಇತರೆ ಹಾಕು."

ಹನ್ನೆರಡು ಹೆಸರುಗಳೂ ಉಳಿದವು. ಈಗ ಕ್ಯಾನುಗಳ ಜೊತೆಗೆ ಹನ್ನೆರಡು ಕಾರ್ಡುಗಳೂ ಬರುತ್ತವೆ. ಆದರೆ ನನ್ನ ಗೊಂದಲ ಮಾತ್ರ ಮುಗಿದಿಲ್ಲ. ಯಂತ್ರ ತನಗೆ ಕಂಡುದನ್ನೇ ಹೇಳಿತ್ತು. ಅದರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಳೆ ಇನ್ನೊಂದು ಹೆಸರು ಕೆಂಪಾದಾಗ ಅದು ನಿಜವೇ ಆಗಿದ್ದರೆ? ಎಲ್ಲಿ ನಂಬಬೇಕು, ಎಲ್ಲಿ ಎದ್ದು ಹೋಗಿ ನೋಡಬೇಕು ಎಂಬುದನ್ನು ಯಾವ ಬಣ್ಣವೂ ನನಗೆ ಹೇಳುವುದಿಲ್ಲ. ಇಪ್ಪತ್ತು ವರ್ಷಗಳ ಪರಿಚಯವನ್ನು ಎರಡು ನಿಮಿಷದಲ್ಲಿ ಬದಿಗಿಟ್ಟವನು ನಾನೇ, ಯಂತ್ರವಲ್ಲ ಎಂಬುದಷ್ಟೇ ನನಗೆ ಖಚಿತ.

ಆ ಭಾನುವಾರ ನೋಟಿಸನ್ನು ಹಿಂಪಡೆದ ಪತ್ರವನ್ನು ಹಿಡಿದುಕೊಂಡು ಗಿರಿಜೆಯ ಮನೆಗೆ ಹೋದೆ. "ತಪ್ಪಾಯಿತು ಗಿರಿಜಾ" ಎಂದೆ. ಅವಳು ಪತ್ರವನ್ನು ಓದಲಿಲ್ಲ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಒಂದು ದೊಡ್ಡ ಲೋಟ ಮಜ್ಜಿಗೆಯನ್ನು ತಂದು ನನ್ನ ಮುಂದಿಟ್ಟಳು.

"ಕುಡೀರಿ ಮಾಸ್ಟ್ರೇ. ಇದಕ್ಕೆ ಮಾತ್ರ ನೀರು ಹಾಕಿದ್ದೇನೆ."

ಗಿರಿಜೆಗೂ, ಆ ಹನ್ನೊಂದು ಮನೆಗಳಿಗೂ, ಪ್ರಮೀಳೆಗೂ, ನಕ್ಕ ಕೇಶವಣ್ಣನವರಿಗೂ, ಕಂಡುದನ್ನಷ್ಟೇ ಹೇಳಿದ ಆ ಯಂತ್ರವನ್ನು ಕಟ್ಟಿದ ಕಾಣದ ಕೈಗಳಿಗೂ ಭಗವಂತನು ಸನ್ಮಂಗಳವನ್ನುಂಟುಮಾಡಲಿ. ಅವರ ಹಟ್ಟಿಗಳು ತುಂಬಿರಲಿ.